ಇಪ್ಪತ್ನಾಲ್ಕು ಡಿಗ್ರಿ, ನಿರ್ಮಲ ಆಕಾಶ

ಆಕಾಶ ನೋಡುವುದನ್ನು ಬಿಟ್ಟ ದಿನದಿಂದ ಅವನಿಗೆ ಮುಗಿಲಣ್ಣ ಎಂಬ ಹೆಸರು ಬಿತ್ತು. ಅದಕ್ಕೆ ಮೊದಲು ಅವನು ಎಲ್ಲರ ಹಾಗೆ ಕಿಟಕಿಯಿಂದ ತಲೆ ಹೊರಹಾಕಿ, ಮೋಡ ಕಂಡರೆ ಕೊಡೆ ಹಿಡಿದು, ಕಾಣದಿದ್ದರೆ ಮರೆತು, ಎರಡು ಸಲವೂ ನೆನೆದುಕೊಂಡೇ ಮನೆಗೆ ಬರುತ್ತಿದ್ದ ಒಬ್ಬ ಸಾಮಾನ್ಯ ಗುಮಾಸ್ತ. ಆಗ ಅವನನ್ನು ಯಾರೂ ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಕರೆಯುವ ಸಂದರ್ಭವೇ ಬರುತ್ತಿರಲಿಲ್ಲ.

ಹೆಸರು ಬೀಳಲು ಕಾರಣ ಅವನ ಭಾವಮೈದುನ. ಅಕ್ಕನ ಮನೆಗೆ ವರ್ಷಕ್ಕೊಂದು ಯಂತ್ರ ಕಳಿಸದಿದ್ದರೆ ಆ ಮನುಷ್ಯನಿಗೆ ಊಟ ಸೇರುತ್ತಿರಲಿಲ್ಲ. ಹಿಂದಿನ ವರ್ಷ ಬಂದಿದ್ದ ಬೆನ್ನು ಒತ್ತುವ ಯಂತ್ರ ಯಾರ ಬೆನ್ನೂ ಸಿಗದೆ ಇನ್ನೂ ಮಂಚದ ಕೆಳಗೆ ಬಿದ್ದಿತ್ತು. ಈ ಸಲ ಬಂದದ್ದು ಮನೆಯಲ್ಲೇ ಹವಾಮಾನ ಅಳೆಯುವ ಸಾಮಾನು. ಪೆಟ್ಟಿಗೆ ಬಿಚ್ಚಿದರೆ ಬಿಸಿ ಮತ್ತು ತೇವ ಅಳೆಯಲು ತಟ್ಟೆಗಳನ್ನು ಬೋರಲು ಹಾಕಿ ಪೇರಿಸಿದಂಥ ಒಂದು ಬಿಳಿ ಡಬ್ಬಿ, ಮಳೆಗೆ ಒಂದು ಬಟ್ಟಲು, ಗಾಳಿಗೆ ಗಿರಗಿರ ತಿರುಗುವ ಮೂರು ಪುಟ್ಟ ಲೋಟ. ಎಲ್ಲದರ ಹೊಟ್ಟೆಯೊಳಗೂ ಎರಡೆರಡು ಬ್ಯಾಟರಿ. ಬಟ್ಟಲು ಮತ್ತು ಲೋಟಗಳು ತಾವು ಕಂಡದ್ದನ್ನು ಬಿಳಿ ಡಬ್ಬಿಗೆ ಹೇಳಬೇಕು, ಬಿಳಿ ಡಬ್ಬಿ ಅದನ್ನೆಲ್ಲ ಮನೆಯೊಳಗಿನ ಸ್ಕ್ರೀನಿಗೆ ಮುಟ್ಟಿಸಬೇಕು. ಥೇಟ್ ಸರ್ಕಾರಿ ಕಚೇರಿಯ ಏರ್ಪಾಡು. ಮುಗಿಲಣ್ಣನಿಗೆ ಅದು ಒಂದೇ ನೋಟಕ್ಕೆ ಹಿಡಿಸಿತು.

ನಾಲ್ಕನೆಯ ಮಹಡಿಯ ಮೇಲಿನ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕದ ಪೈಪಿಗೆ ಅವನ್ನು ಕಟ್ಟಿ ಕೆಳಗಿಳಿದ ಮೇಲೆ ಫೋನಿನ ಆ್ಯಪ್ ಎರಡು ಪ್ರಶ್ನೆ ಕೇಳಿತು. ಮುಂದೆ ಆದ ಅನಾಹುತಕ್ಕೆಲ್ಲ ಆ ಎರಡು ಪ್ರಶ್ನೆಗಳಿಗೆ ಮುಗಿಲಣ್ಣ ಕೊಟ್ಟ ಉತ್ತರಗಳೇ ತಾಯಿ ತಂದೆ.

ಮೊದಲನೆಯದು, ನಿಮ್ಮ ಕೇಂದ್ರದ ಹೆಸರೇನು ಎಂದು. ಆ್ಯಪ್ ತಾನೇ ‘ಮನೆ’ ಎಂದು ಬರೆದು ಇಟ್ಟಿತ್ತು. ಹೆಂಡತಿ, ಇರಲಿ ಬಿಡಿ, ಮನೆಯನ್ನು ಮನೆ ಅನ್ನದೆ ಇನ್ನೇನನ್ನಬೇಕು ಎಂದಳು. ಮುಗಿಲಣ್ಣ ಅದನ್ನು ಅಳಿಸಿ, ಕಾಲು ಗಂಟೆ ಛಾವಣಿ ದಿಟ್ಟಿಸಿ, ‘ಉನ್ನತ ವಾಯುಗುಣ ವೀಕ್ಷಣಾಲಯ’ ಎಂದು ಬರೆದ. ಅದೇ ಹೆಸರನ್ನು ಒಂದು ಚೀಟಿಯಲ್ಲೂ ಬರೆದು, ‘ಮುಟ್ಟಬಾರದು’ ಎಂದು ಸೇರಿಸಿ, ತಾರಸಿಯ ಪೈಪಿಗೆ ಅಂಟಿಸಿ ಬಂದ.

ಎರಡನೆಯದು, ಬ್ಯಾಟರಿ ಕಡಿಮೆಯಾದರೆ ಎಚ್ಚರಿಕೆಯನ್ನು ಯಾವ ಇ-ಮೇಲಿಗೆ ಕಳಿಸಬೇಕು ಎಂದು. ಅವನಿಗೂ ಒಂದು ಇ-ಮೇಲ್ ಇತ್ತು. ಅದನ್ನು ಮಾಡಿಕೊಟ್ಟವನು ಭಾವಮೈದುನ, ಅದರ ಪಾಸ್‌ವರ್ಡ್ ಇದ್ದದ್ದೂ ಅವನ ಹತ್ತಿರವೇ. ಆದರೆ ಮುಗಿಲಣ್ಣನಿಗೆ ಬಾಯಿಪಾಠ ಬರುತ್ತಿದ್ದ ಇ-ಮೇಲ್ ವಿಳಾಸ ಈ ಪ್ರಪಂಚದಲ್ಲಿ ಒಂದಿತ್ತು. ಹನ್ನೊಂದು ವರ್ಷದಿಂದ ಕಚೇರಿಯಲ್ಲಿ ಅವನ ಕುರ್ಚಿಯ ಎದುರು ಗೋಡೆಯ ಮೇಲೆ ಅದನ್ನು ಮಾರುದ್ದದ ಅಕ್ಷರಗಳಲ್ಲಿ ಬರೆದಿದ್ದರು. ಅಷ್ಟು ಚೆನ್ನಾಗಿ ಗೊತ್ತಿರುವ ವಿಷಯವನ್ನು ಬರೆಯುವಾಗ ಮನುಷ್ಯನಿಗೆ ಒಂದು ಧೈರ್ಯ ಬರುತ್ತದೆ. ಆ ಧೈರ್ಯದಲ್ಲಿ ಅವನು ನಗರಾಡಳಿತದ ದೂರು ವಿಭಾಗದ ವಿಳಾಸ ಬರೆದು, ಫೋನು ಜೇಬಿಗಿಟ್ಟು, ಆ ಸಂಗತಿಯನ್ನೇ ಮರೆತುಬಿಟ್ಟ.

ಮಾರನೆಯ ದಿನದಿಂದ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಅವನು ಮೆಟ್ಟಿಲ ತಿರುವಿನಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳತೊಡಗಿದ. “ಇಪ್ಪತ್ತಾರು ಡಿಗ್ರಿ. ತೇವ ಐವತ್ತೆಂಟು. ಮಳೆ ಸೊನ್ನೆ.” ಮೊದಲ ವಾರ ಹಾಲು ತರಲು ಇಳಿಯುವವರು ಪಕ್ಕಕ್ಕೆ ಸರಿದು ಹೋದರು. ಎರಡನೆಯ ವಾರ ಇಬ್ಬರು ನಿಂತರು. ತಿಂಗಳಾಗುವಷ್ಟರಲ್ಲಿ ಎರಡನೆಯ ಮಹಡಿಯ ದರ್ಜಿಯಮ್ಮ ತಾರಸಿಗೆ ಬಟ್ಟೆ ಹರವುವ ಮೊದಲು ಅವನ ಬಾಗಿಲು ತಟ್ಟಿ ಕೇಳುವುದು, ನೆಲಮಹಡಿಯ ನಿವೃತ್ತ ಮೇಷ್ಟ್ರು ವಾಕಿಂಗಿಗೆ ಟೋಪಿಯೋ ಕೊಡೆಯೋ ಎಂದು ಅವನಿಂದ ಇತ್ಯರ್ಥ ಮಾಡಿಸಿಕೊಳ್ಳುವುದು ರೂಢಿಯಾಯಿತು. ಮುಗಿಲಣ್ಣ ಎಂಬ ಹೆಸರು ಕೊಟ್ಟದ್ದೂ ದರ್ಜಿಯಮ್ಮನೇ. ಬಾಯಿ ತೆರೆಯುವ ಮುಂಚೆಯೇ ನಾಲ್ಕು ಜನ ತನಗಾಗಿ ಕಾಯುವುದು ಅವನ ಬದುಕಿನಲ್ಲಿ ಅದೇ ಮೊದಲು. ಹೆಂಡತಿ ಮಾತ್ರ, ಕಿಟಕಿ ತೆಗೆದರೆ ಇದೆಲ್ಲ ಗೊತ್ತಾಗುವುದಿಲ್ಲವೇ ಎಂದು ಒಮ್ಮೆ ಕೇಳಿದಳು. ಅವನು ಅವಳತ್ತ ಕನಿಕರದಿಂದ ನೋಡಿದ.

ಇನ್ನು ಕಚೇರಿಯ ಸಮಾಚಾರ. ದೂರು ವಿಭಾಗದಲ್ಲಿ ಎರಡೇ ಮೇಜು. ಕಿಟಕಿ ಪಕ್ಕದ್ದು ಮುಗಿಲಣ್ಣನದು, ಗೋಡೆ ಪಕ್ಕದ್ದು ಒಬ್ಬ ಮೇಡಮ್ಮಿನದು. ಮೇಡಂ ಮಾತು ಕಡಿಮೆ, ಎಣಿಸುವುದು ಜಾಸ್ತಿ. ಇ-ಮೇಲಿನಲ್ಲಿ ಬಂದ ದೂರುಗಳನ್ನು ಜವಾನ ಕಾಗದದ ಮೇಲೆ ಇಳಿಸಿ ತರುತ್ತಿದ್ದ. ಕಾಗದಕ್ಕೆ ಬಾರದ್ದನ್ನು ಆ ಕಚೇರಿಯಲ್ಲಿ ದೂರು ಅನ್ನುತ್ತಿರಲಿಲ್ಲ. ಮುಗಿಲಣ್ಣ ಅದಕ್ಕೊಂದು ನಂಬರು ಹಾಕಿ, ಒಂದು ಮುದ್ರೆ ಒತ್ತುತ್ತಿದ್ದ. ಸಂಜೆ ಮೇಡಂ ಆ ಮುದ್ರೆಯ ಒಕ್ಕಣೆಯನ್ನೇ ಟೈಪ್ ಮಾಡಿ ದೂರು ಕೊಟ್ಟವರಿಗೆ ಕಳಿಸುತ್ತಿದ್ದರು.

ಮುದ್ರೆಗಳು ಮೂರು. ಚಿಕ್ಕ ದೂರಿಗೆ ‘ಗಮನಕ್ಕೆ ತೆಗೆದುಕೊಳ್ಳಲಾಗಿದೆ’. ಉದ್ದ ದೂರಿಗೆ ‘ಪರಿಶೀಲನೆಯಲ್ಲಿದೆ’. ಬೈಗುಳ ಇದ್ದ ಹಾಗೆ ಕಂಡರೆ ‘ಸಂಬಂಧಪಟ್ಟವರಿಗೆ ತಿಳಿಸಲಾಗಿದೆ’. ಈ ವಿಂಗಡಣೆಗೆ ಕಾಗದವನ್ನು ದೂರದಿಂದ ಒಂದು ಸಲ ನೋಡಿದರೆ ಸಾಕು, ಓದಬೇಕಾಗಿಲ್ಲ. ಓದಿದರೆ ದೂರು ಕೊಟ್ಟವರ ಮೇಲೆ ಮರುಕ ಹುಟ್ಟುತ್ತದೆ, ಮರುಕ ಹುಟ್ಟಿದರೆ ಕೈ ನಿಧಾನವಾಗುತ್ತದೆ, ಕೈ ನಿಧಾನವಾದರೆ ದೂರು ಬಾಕಿ ಉಳಿಯುತ್ತದೆ ಎಂಬುದು ಮುಗಿಲಣ್ಣನ ಹನ್ನೊಂದು ವರ್ಷದ ಅನುಭವ. ಅವನ ಮೇಜಿನ ಮೇಲೆ ಒಂದು ದೂರೂ ಬಾಕಿ ಉಳಿದಿರಲಿಲ್ಲ. ಊರಿನಲ್ಲಿ ಎಲ್ಲವೂ ಹಾಗೇ ಉಳಿದಿತ್ತು, ಅದು ಬೇರೆ ಮಾತು.

ಅಷ್ಟರಲ್ಲಿ ನೆಲಮಾಳಿಗೆಯ ದಾಖಲೆ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತರಾದರು. ಆ ಕೋಣೆಗೆ ಕಿಟಕಿ ಇಲ್ಲ, ಫ್ಯಾನು ಇದ್ದರೂ ತಿರುಗುವುದಿಲ್ಲ, ಒಂದು ಹಳೆಯ ಟೆಲಿಫೋನು ಬಿಟ್ಟರೆ ಮಾತಾಡಲು ಯಾವುದೂ ಇಲ್ಲ. ದೂರು ವಿಭಾಗದ ಇಬ್ಬರಲ್ಲಿ ಒಬ್ಬರು ತಿಂಗಳ ಕೊನೆಗೆ ಕೆಳಗಿಳಿಯಬೇಕು ಎಂದು ಸಾಹೇಬರು ಹೇಳಿದರು. ಯಾರು ಎಂಬುದನ್ನು ಕೆಂಪು ಕಡತ ತೀರ್ಮಾನಿಸುತ್ತದೆ, ಅದು ಖಾಲಿ ಉಳಿದರೆ ಇಳಿಯುವುದು ಮೇಡಂ ಎಂದೂ ಹೇಳಿದರು. ಒಬ್ಬರಿಂದಲೇ ಒಂದೇ ದೂರು ಹತ್ತು ಸಲ ಬಂದರೆ ಅದನ್ನು ಕೆಂಪು ಕಡತದಲ್ಲಿಟ್ಟು ಸಾಹೇಬರ ಮುಂದೆ ಇಡಬೇಕು, ಅದಕ್ಕೆ ಮುದ್ರೆ ಒತ್ತಿದವರ ಹೆಸರನ್ನು ಮೇಲೆ ಬರೆಯಬೇಕು ಎಂಬ ನಿಯಮ ಇತ್ತು. ಈವರೆಗೆ ಯಾವ ನಾಗರಿಕನೂ ಹತ್ತು ಸಲ ಬರೆದಿರಲಿಲ್ಲ. ಮೂರನೆಯ ಸಲಕ್ಕೆ ಎಂಥವನಿಗೂ ಬುದ್ಧಿ ಬರುತ್ತಿತ್ತು. ಮುಗಿಲಣ್ಣ ಕಿಟಕಿಯ ಕಟ್ಟೆಯ ಮೇಲೆ ಮೊಣಕೈ ಊರಿ ನಿಶ್ಚಿಂತೆಯಿಂದ ಕೂತ.

ಆ ವಾರದ ಸೋಮವಾರ ಬೆಳಿಗ್ಗೆ ಒಂದು ಚಿಕ್ಕ ದೂರು ಬಂತು. ಮುಗಿಲಣ್ಣ ಗಮನಕ್ಕೆ ತೆಗೆದುಕೊಂಡ. ಮಧ್ಯಾಹ್ನ ಅಷ್ಟೇ ಉದ್ದದ ಇನ್ನೊಂದು ಬಂತು. ಅದನ್ನೂ ತೆಗೆದುಕೊಂಡ. ನಾಲ್ಕು ಗಂಟೆಗೊಂದರಂತೆ ಅದು ಬರುತ್ತಲೇ ಇತ್ತು. ಮಂಗಳವಾರ ಬೆಳಿಗ್ಗೆ ಮೇಜಿನ ಮೇಲೆ ಮೂರು ಒಟ್ಟಿಗೆ ಇದ್ದವು. ಅವನು ಮೂರಕ್ಕೂ ಟಪ ಟಪ ಟಪ ಒತ್ತಿ ಚಹಾ ಕುಡಿಯಲು ಎದ್ದ. ಮೇಡಂ ಪೆನ್ಸಿಲಿನಿಂದ ಒಂದು ತುಂಡು ಕಾಗದದ ಮೇಲೆ ಗೀಟು ಎಳೆದುಕೊಳ್ಳುತ್ತಿದ್ದರು.

ಅದೇ ಮಂಗಳವಾರ ಬೆಳಿಗ್ಗೆ ಮನೆಯ ಸ್ಕ್ರೀನು ‘ಇಪ್ಪತ್ನಾಲ್ಕು ಡಿಗ್ರಿ, ನಿರ್ಮಲ ಆಕಾಶ, ಮಳೆ ಸೊನ್ನೆ’ ಎಂದು ತೋರಿಸಿತ್ತು. ತೋರಿಸಿದ ಮರುಕ್ಷಣ ತಾರಸಿಯ ಮೇಲಿನ ಬಿಳಿ ಡಬ್ಬಿ ಬ್ಯಾಟರಿ ಮುಗಿದು ಕಣ್ಣು ಮುಚ್ಚಿತು. ಕಣ್ಣು ಮುಚ್ಚಿದ ಸುದ್ದಿಯನ್ನು ಹೇಳಬೇಕಾದದ್ದೂ ಅದೇ ಆಗಿದ್ದರಿಂದ ಸ್ಕ್ರೀನಿಗೆ ಏನೂ ಗೊತ್ತಾಗಲಿಲ್ಲ. ಅದು ಕೊನೆಗೆ ಕೇಳಿದ ಮಾತುಗಳನ್ನೇ ಹಿಡಿದುಕೊಂಡು, ಹೇಳಿದ್ದನ್ನೇ ಹೇಳುತ್ತ ಕೂತಿತು.

ದರ್ಜಿಯಮ್ಮ ಒಂದು ನಾಟಕ ತಂಡಕ್ಕೆ ರಂಗದ ಪರದೆ ಹೊಲಿದಿದ್ದಳು. ಹಸಿರು ಬಣ್ಣ ಹಾಕಿ ಒಣಗಿಸಿ ಶುಕ್ರವಾರ ಕೊಡಬೇಕು. ಹರವಿದರೆ ಇಡೀ ತಾರಸಿ ಬೇಕಾಗುವಷ್ಟು ದೊಡ್ಡ ಪರದೆ. ಅವಳು ಎರಡು ಸಲ ಕೇಳಿದಳು.

“ನಿರ್ಮಲ,” ಎಂದ ಮುಗಿಲಣ್ಣ.

“ಆಚೆ ಕಡೆ ಕಪ್ಪಗಿದೆಯಲ್ಲಾ ಮುಗಿಲಣ್ಣ?”

“ಅದು ಕಣ್ಣಿಗೆ ಕಾಣೋದು ಕಣಮ್ಮ. ನಾನು ಹೇಳ್ತಿರೋದು ಅಳತೆ.”

ಅಳತೆಯ ಮುಂದೆ ಕಣ್ಣು ಸೋತಿತು. ದರ್ಜಿಯಮ್ಮ ಪರದೆ ಹರವಿದಳು. ಸಂಜೆ ಐದಕ್ಕೆ ಶುರುವಾದ ಮಳೆ ಟ್ಯಾಂಕಿನ ಮುಚ್ಚಳ ಹಾರಿಸಿ, ಹಸಿರನ್ನೆಲ್ಲ ತಾರಸಿಯಿಂದ ಗೋಡೆಗೆ, ಗೋಡೆಯಿಂದ ಮೇಷ್ಟ್ರ ಕಿಟಕಿಗೆ ಇಳಿಸಿತು. ಕಚೇರಿಯಿಂದ ನೆನೆದು ತೊಪ್ಪೆಯಾಗಿ ಬಂದ ಮುಗಿಲಣ್ಣನನ್ನು ಮೆಟ್ಟಿಲ ಮೇಲೆ ಎಂಟು ಜನ ಸುತ್ತುವರಿದರು. ಅವನು ಅವರ ನಡುವೆ ನುಸುಳಿ ಒಳಗೆ ಹೋಗಿ ಸ್ಕ್ರೀನು ನೋಡಿದ. ಮಳೆ ಸೊನ್ನೆ. ಹೊರಬಂದು ಅದನ್ನೇ ಹೇಳಿದ.

ಮೇಷ್ಟ್ರು ಅವನ ಅಂಗಿಯ ತೋಳನ್ನು ಹಿಂಡಿದರು. ನೀರು ಧಾರೆಯಾಗಿ ಮೆಟ್ಟಿಲ ಮೇಲೆ ಬಿತ್ತು. “ಇದೇನಪ್ಪಾ ಹಾಗಾದ್ರೆ?”

ಮುಗಿಲಣ್ಣ ಅದನ್ನು ಸ್ವಲ್ಪ ಹೊತ್ತು ಪರಿಶೀಲಿಸಿದ. “ಇದು ನಮ್ಮ ಮಳೆ ಅಲ್ಲ ಮೇಷ್ಟ್ರೇ. ಪಕ್ಕದ ಬಡಾವಣೆದು. ಗಾಳಿಗೆ ಈ ಕಡೆ ಬಂದಿದೆ.”

ದರ್ಜಿಯಮ್ಮ ಹಳದಿಗೆ ತಿರುಗಿದ ಪರದೆಯನ್ನು ಹೆಗಲ ಮೇಲೆ ಹೊತ್ತು ಕೆಳಗಿಳಿದು, ಮನೆಯೊಳಗೆ ಹೋಗಿ, ಫೋನು ತೆಗೆದುಕೊಂಡು, ಊರಿನಲ್ಲಿ ದೂರು ಕೊಡುವುದು ಎಲ್ಲಿಗೆ ಎಂದು ಹುಡುಕಿದಳು. ಬುಧವಾರ ಬೆಳಿಗ್ಗೆ ಅವಳ ಉದ್ದನೆಯ ದೂರು ಮುಗಿಲಣ್ಣನ ಮೇಜಿಗೆ ಬಂತು. ಅವನು ಅದರ ಉದ್ದ ನೋಡಿ ಪರಿಶೀಲನೆಯಲ್ಲಿಟ್ಟ.

ಅದರ ಮಸಿ ಆರುವ ಮೊದಲೇ ಜವಾನ ಬಂದು, ಸಾಹೇಬರು ಕರೀತಿದ್ದಾರೆ, ಮುಖ ಯಾಕೋ ಸರಿ ಇಲ್ಲ ಎಂದ. ಸಾಹೇಬರ ಮೇಜಿನ ಮೇಲೆ ಕೆಂಪು ಕಡತ ಇತ್ತು. ಅದರ ಮೇಲೆ ಮೇಡಮ್ಮಿನ ದುಂಡನೆಯ ಅಕ್ಷರದಲ್ಲಿ ಅವನ ಹೆಸರಿತ್ತು. ಮೇಡಂ ಕಿಟಕಿಯ ಬಳಿ ನಿಂತು ಹೊರಗೆ ನೋಡುತ್ತಿದ್ದರು.

ಸಾಹೇಬರು ಮೇಲಿನ ಕಾಗದವನ್ನು ಎರಡು ಬೆರಳಿನಲ್ಲಿ ಹಿಡಿದು ಗಟ್ಟಿಯಾಗಿ ಓದಿದರು. “ಉನ್ನತ ವಾಯುಗುಣ ವೀಕ್ಷಣಾಲಯ. ಹೊರಗಿನ ಘಟಕದ ಬ್ಯಾಟರಿ ಕಡಿಮೆಯಾಗಿದೆ. ಕೂಡಲೇ ಬದಲಾಯಿಸಿ. ಈ ಸಂದೇಶಕ್ಕೆ ಉತ್ತರಿಸಬೇಡಿ.”

ಮುಗಿಲಣ್ಣನ ಕಾಲಿನ ಕೆಳಗೆ ನೆಲಮಾಳಿಗೆ ಬಾಯಿ ತೆರೆದ ಹಾಗಾಯಿತು.

“ಏನ್ರೀ, ನಮಗೆ ‘ಉತ್ತರಿಸಬೇಡಿ’ ಅಂತ ಯಾರು ಬರೀತಾರೆ? ನಾಗರಿಕರು ಬರೀತಾರಾ? ಅವರು ಉತ್ತರ ಕೊಡಿ, ಉತ್ತರ ಕೊಡಿ ಅಂತ ಪ್ರಾಣ ತಿಂತಾರೆ. ಇದು ಮೇಲಿಂದ ಬಂದದ್ದು. ಉತ್ತರ ಬೇಡ, ಕೆಲಸ ಬೇಕು ಅನ್ನೋ ಅಷ್ಟು ಗತ್ತು ಇರೋದು ಮೇಲಿನವರಿಗೆ ಮಾತ್ರ. ಅಂಥವರಿಗೆ ನೀವು ಹತ್ತು ಸಲ ಉತ್ತರ ಕಳಿಸಿದ್ದೀರಿ. ಬೇಡ ಬೇಡ ಅಂದ್ರೂ ಗಮನಕ್ಕೆ ತಗೊಂಡಿದ್ದೀರಿ.”

ಇಂಥ ವೀಕ್ಷಣಾಲಯ ಒಂದಿರುವುದೇ ತಮಗೆ ಗೊತ್ತಿರಲಿಲ್ಲ, ಅದು ತಮ್ಮದೇ ತಪ್ಪು, ಅದಕ್ಕಾಗಿ ತಾವು ಆಗಲೇ ತಮ್ಮ ಮೇಲಿನವರಿಗೆ ಬರೆದು, ವೀಕ್ಷಣಾಲಯದ ಕೆಲಸವನ್ನು ಖುದ್ದಾಗಿ ನೋಡಿಕೊಳ್ಳುತ್ತಿರುವುದಾಗಿ ತಿಳಿಸಿದ್ದಾಗಿದೆ ಎಂದರು ಸಾಹೇಬರು. ಮೇಲಿನವರು ಬಹಳ ಸಂತೋಷಪಟ್ಟಿದ್ದರಂತೆ. ಅವರಿಗೂ ಅಂಥದ್ದೊಂದು ಇರುವುದು ಗೊತ್ತಿರಲಿಲ್ಲವಂತೆ.

ಮುಗಿಲಣ್ಣ ಬಾಯಿ ತೆರೆದ. “ಸಾರ್, ಆ ವೀಕ್ಷಣಾಲಯ ನಮ್ಮ...”

“ನಮ್ಮದೇ ರೀ. ಮೇಲಿನವರೆಲ್ಲ ನಮ್ಮವರೇ. ಹಾಗಂತ ಸಲಿಗೆ ತಗೋಬಾರದು.” ಆ ಮಾತಿಗೆ ಮುಗಿಲಣ್ಣನ ಬಾಯಿ ತಾನಾಗಿ ಮುಚ್ಚಿಕೊಂಡಿತು. ನಾಳೆಯೂ ಇನ್ನೊಂದು ಪತ್ರ ಬಂದರೆ ನೀವು ಕೆಳಗೆ, ಬರದಿದ್ದರೆ ಯೋಚನೆ ಮಾಡೋಣ ಎಂದು ಸಾಹೇಬರು ಕಡತ ಮುಚ್ಚಿದರು.

ಅಂದರೆ ಉಳಿದದ್ದು ಒಂದೇ ದಾರಿ, ಬ್ಯಾಟರಿ ಬದಲಾಯಿಸುವುದು. ಹೊಸ ಬ್ಯಾಟರಿ ಮಾರುವ ಅಂಗಡಿ ಮನೆಯ ಎದುರಿಗೇ ಇತ್ತು. ಆದರೆ ಮುಗಿಲಣ್ಣ ಹನ್ನೊಂದು ವರ್ಷ ಕಚೇರಿಯಲ್ಲಿ ಕೆಲಸ ಮಾಡಿದವನು. ಒಂದು ಮೇಜಿನ ಕಷ್ಟವನ್ನು ಇನ್ನೊಂದು ಮೇಜಿಗೆ ದಾಟಿಸಿದರೆ ಕಷ್ಟ ಮುಗಿದಂತೆ ಎಂದು ಅವನ ಕೈಗೆ ಅಭ್ಯಾಸವಾಗಿತ್ತು. ಸಂಜೆ ತಾರಸಿಗೆ ಹತ್ತಿ, ಮಳೆ ಬಟ್ಟಲಿನ ಬ್ಯಾಟರಿ ತೆಗೆದು ಬಿಳಿ ಡಬ್ಬಿಗೆ ಹಾಕಿದ. ಬಿಳಿ ಡಬ್ಬಿಯದನ್ನು ಗಾಳಿ ಲೋಟಗಳಿಗೆ ಹಾಕಿದ. ಲೋಟಗಳದ್ದನ್ನು ತೆಗೆಯುವಾಗ ಒಂದು ಕೈಜಾರಿ ಟ್ಯಾಂಕಿನೊಳಗೆ ಬಿತ್ತು. ಕೆಳಗಿಳಿದು ಟಿವಿಯ ರಿಮೋಟಿನಿಂದ ಎರಡು ಕಿತ್ತುಕೊಂಡು ಬಂದು ಮಳೆ ಬಟ್ಟಲಿಗೆ ಹಾಕಿದ. ಅವು ಸಾಲವೇನೋ ಎಂದು ಅನುಮಾನ ಬಂದು, ಮತ್ತೆ ಇಳಿದು ಗೋಡೆ ಗಡಿಯಾರದ್ದನ್ನೂ ಕಿತ್ತುಕೊಂಡು ಬಂದು ಒಂದನ್ನು ಬದಲಾಯಿಸಿದ.

ಹೆಂಡತಿ ನಿಂತ ಗಡಿಯಾರವನ್ನೂ, ಹತ್ತದ ಟಿವಿಯನ್ನೂ, ಏದುಸಿರು ಬಿಡುತ್ತಿದ್ದ ಗಂಡನನ್ನೂ ಸರದಿಯಂತೆ ನೋಡಿದಳು. “ರೀ, ಎದುರುಗಡೆ ಅಂಗಡಿ ಇದೆಯಲ್ರೀ.”

ನಿನಗೆ ಇದು ಅರ್ಥವಾಗುವುದಿಲ್ಲ ಎಂದ ಮುಗಿಲಣ್ಣ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳಬೇಕು ಎಂಬುದು ಮಾತ್ರ ಆ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ.

ಗುರುವಾರ ಅವನು ಮುಕ್ಕಾಲು ಗಂಟೆ ತಡವಾಗಿ ಕಚೇರಿ ತಲುಪುವಷ್ಟರಲ್ಲಿ ಸಾಹೇಬರು ಹೊರಗೆ ಕಾರಿನ ಪಕ್ಕದಲ್ಲಿ ನಿಂತಿದ್ದರು. ಕೈಯಲ್ಲಿ ಒಂಬತ್ತು ಕಾಗದ. ಮೊದಲು ಹೊರಗಿನ ಘಟಕ, ಅಂದರೆ ಬಿಳಿ ಡಬ್ಬಿ, ಒಂದೇ ಬರೆಯುತ್ತಿತ್ತು. ಈಗ ಮಳೆ ಘಟಕ, ಗಾಳಿ ಘಟಕ ಎರಡೂ ಬರೆಯಲು ಶುರುಮಾಡಿದ್ದವು. ಬ್ಯಾಟರಿ ಕಡಿಮೆಯಾಗಿದೆ, ಬ್ಯಾಟರಿ ಕಡಿಮೆಯಾಗಿದೆ, ಬ್ಯಾಟರಿ ಕಡಿಮೆಯಾಗಿದೆ.

“ಮೂರು ವಿಭಾಗದವರು ಒಟ್ಟಿಗೆ ಬಿದ್ದಿದ್ದಾರೆ ಕಣ್ರೀ,” ಎಂದರು ಸಾಹೇಬರು. ಅವರ ದನಿ ಸಣ್ಣಗಾಗಿತ್ತು. “ಇನ್ನು ಸ್ಥಳಕ್ಕೆ ಹೋಗದೆ ಗತಿ ಇಲ್ಲ.”

ಪತ್ರಗಳ ಕೆಳಗೆ ಸ್ಥಳದ ಗುರುತೂ ಇದ್ದದ್ದನ್ನು ಮೇಡಂ ಕಂಡುಹಿಡಿದಿದ್ದರು. ಅದನ್ನು ಫೋನಿನ ನಕ್ಷೆಗೆ ಹಾಕಿಕೊಟ್ಟವರೂ ಅವರೇ. ಸಾಹೇಬರು ಮುಂದೆ, ಮೇಡಂ ಮತ್ತು ಮುಗಿಲಣ್ಣ ಹಿಂದೆ, ನಡುವೆ ಒಂದು ಟ್ರೇಯಲ್ಲಿ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಆರು ಹೊಸ ಬ್ಯಾಟರಿ. ಕಾರು ಪರಿಚಿತ ರಸ್ತೆಗೆ ತಿರುಗಿದಾಗಲೆಲ್ಲ ಮುಗಿಲಣ್ಣ, ಈ ಕಡೆ ರಸ್ತೆ ಅಗೆದಿದ್ದಾರೆ, ಆ ಕಡೆ ಹೋಗೋಣ ಎನ್ನುತ್ತಿದ್ದ. ಸಾಕ್ಷಿಗೆ ಬಾಯಿಗೆ ಬಂದ ದೂರಿನ ನಂಬರುಗಳನ್ನೂ ಹೇಳುತ್ತಿದ್ದ. ಸಾಹೇಬರು ನಂಬಿದರು. ಡ್ರೈವರು ಊರನ್ನೆಲ್ಲ ಎರಡು ಸುತ್ತು ಹಾಕಿದ. ನಕ್ಷೆ ಮಾತ್ರ ಕಚೇರಿಯಲ್ಲಿ ಕೆಲಸ ಮಾಡಿದ್ದಲ್ಲವಾದ್ದರಿಂದ ತನ್ನ ಹಟ ಬಿಡಲಿಲ್ಲ. ಹನ್ನೊಂದೂವರೆಗೆ ಅದು ಅವರನ್ನು ಮುಗಿಲಣ್ಣನ ಮನೆಯ ಗೇಟಿಗೆ ತಂದು ನಿಲ್ಲಿಸಿ, ತಲುಪಿದ್ದೀರಿ ಎಂದಿತು.

ಗೇಟಿನಲ್ಲಿ ದರ್ಜಿಯಮ್ಮ ನಿಂತಿದ್ದಳು. ಕಾರಿನ ಮೇಲಿದ್ದ ನಗರಾಡಳಿತದ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ, ಎರಡು ಕೈಯನ್ನೂ ಕೆನ್ನೆಗೆ ಒತ್ತಿಕೊಂಡಳು.

“ನಿನ್ನೆ ತಾನೆ ದೂರು ಕೊಟ್ಟೆ, ಇವತ್ತೇ ಬಂದ್ಬಿಟ್ರಾ? ಪರಿಶೀಲನೆಯಲ್ಲಿದೆ ಅಂತ ಉತ್ತರ ಬಂದಾಗ ಎಲ್ಲರ ಹಾಗೆ ನಾನೂ ಆಸೆ ಬಿಟ್ಟಿದ್ದೆ ಸಾರ್. ಮೇಷ್ಟ್ರೇ, ಬನ್ನಿ ಇಲ್ಲಿ, ನಿಜವಾಗ್ಲೂ ಬಂದಿದ್ದಾರೆ.”

ಕಟ್ಟಡದ ಬಾಗಿಲುಗಳೆಲ್ಲ ತೆರೆದುಕೊಂಡವು. ಇಂಥದ್ದನ್ನು ಯಾರೂ ಕಂಡಿರಲಿಲ್ಲ. ನಾಲ್ಕನೆಯ ಮಹಡಿಯ ಅಜ್ಜಿಯೊಬ್ಬಳು ಸಾಹೇಬರನ್ನು ಮುಟ್ಟಿ ನೋಡಿದಳು. ಸಾಹೇಬರಿಗೆ ಯಾವ ದೂರು ಎಂದು ಗೊತ್ತಿಲ್ಲದಿದ್ದರೂ, ಇದೆಲ್ಲ ನಮ್ಮ ಕರ್ತವ್ಯ ಎಂದು ತಲೆ ಬಾಗಿಸಿದರು. ಉನ್ನತ ವೀಕ್ಷಣಾಲಯ ಎಲ್ಲಿ ಎಂದು ಕೇಳಿದರು.

“ಅದರ ಮೇಲೇ ಸಾರ್ ನನ್ನ ದೂರು,” ಎಂದು ದರ್ಜಿಯಮ್ಮ ಮುಂದೆ ನಡೆದಳು.

ತಾರಸಿಯಲ್ಲಿ ಒಂದು ಪೈಪು, ಪೈಪಿನ ಮೇಲೆ ಒಂದು ಬಿಳಿ ಡಬ್ಬಿ, ಒಂದು ಬಟ್ಟಲು, ಆಲಸ್ಯದಿಂದ ತಿರುಗುತ್ತಿದ್ದ ಮೂರು ಲೋಟ. ಸಾಹೇಬರು ಟ್ಯಾಂಕಿನ ಹಿಂದೆಯೂ ಹೋಗಿ ನೋಡಿ ಬಂದರು. ಕಟ್ಟಡವಿಲ್ಲ, ಬೋರ್ಡಿಲ್ಲ, ಕಾವಲಿಗೆ ಯಾರೂ ಇಲ್ಲ. ಆಮೇಲೆ ಪೈಪಿಗೆ ಅಂಟಿದ್ದ ಚೀಟಿಯ ಹತ್ತಿರ ಮುಖ ತಂದು ‘ಉನ್ನತ ವಾಯುಗುಣ ವೀಕ್ಷಣಾಲಯ, ಮುಟ್ಟಬಾರದು’ ಎಂದು ಓದಿದರು. ಓದಿ, ಆ ಕೈಬರಹವನ್ನೇ ಇನ್ನೊಮ್ಮೆ ನೋಡಿದರು. ಹನ್ನೊಂದು ವರ್ಷ ಆ ಅಕ್ಷರದಲ್ಲಿ ಹಾಕಿದ ನಂಬರುಗಳ ಕೆಳಗೆ ಅವರು ಸಹಿ ಮಾಡಿದ್ದರು.

ಅಷ್ಟರಲ್ಲಿ ಮುಗಿಲಣ್ಣನ ಹೆಂಡತಿ, ಮನೆಗೆ ದೊಡ್ಡವರು ಬಂದಿದ್ದಾರೆಂದು ತಿಳಿದು ಮೇಲೆ ಬಂದಳು. ಏನಮ್ಮ ಇದು ಎಂದು ಸಾಹೇಬರು ಕೇಳಿದರು. “ನನ್ನ ತಮ್ಮ ಕೊಟ್ಟಿದ್ದು ಸಾರ್,” ಎಂದಳು. “ಮನೆ ಅಂತ ಹೆಸರಿಡಿ ಅಂದೆ. ಕೇಳಲಿಲ್ಲ.”

ಸಾಹೇಬರು ಮುಗಿಲಣ್ಣನನ್ನು ನೋಡಿದರು. ಮುಗಿಲಣ್ಣ ಆಕಾಶ ನೋಡಿದ. ಬಹಳ ದಿನಗಳ ಮೇಲೆ ನೋಡುತ್ತಿದ್ದುದರಿಂದ ಅದು ಇಷ್ಟು ಕಪ್ಪಗಿರುತ್ತದೆಂದು ಅವನು ಎಣಿಸಿರಲಿಲ್ಲ.

ಬೈಯುವುದಕ್ಕೆ ಸಾಹೇಬರು ಉಸಿರನ್ನೇನೋ ಎಳೆದುಕೊಂಡರು. ಆದರೆ ಎದುರಿಗೆ ಇಪ್ಪತ್ತು ಜನ ನಾಗರಿಕರು ಬಾಯಿ ತೆರೆದು ನಿಂತಿದ್ದರು. ಅದಕ್ಕಿಂತ ಹೆಚ್ಚಾಗಿ, ಖುದ್ದಾಗಿ ನೋಡಿಕೊಳ್ಳುತ್ತಿದ್ದೇನೆ ಎಂದು ಬರೆದ ಪತ್ರ ಆಗಲೇ ಮೇಲಕ್ಕೆ ಹೋಗಿತ್ತು, ಮೇಲಿನವರು ಸಂತೋಷಪಟ್ಟೂ ಆಗಿತ್ತು. ಎಳೆದುಕೊಂಡ ಉಸಿರನ್ನು ಅವರು ಹಾಗೇ ನಿಧಾನವಾಗಿ ಬಿಟ್ಟರು. “ಟ್ರೇ ತನ್ನಿ,” ಎಂದರು.

ಮೇಡಂ ಟ್ರೇ ಹಿಡಿದರು. ಸಾಹೇಬರು ಒಂದೊಂದೇ ಬ್ಯಾಟರಿಯನ್ನು ಎತ್ತಿ, ಜನರಿಗೆ ಕಾಣುವ ಹಾಗೆ ಒಂದು ಕ್ಷಣ ಹಿಡಿದು, ಬಟ್ಟಲು, ಲೋಟ, ಡಬ್ಬಿಗಳೊಳಗೆ ಎರಡೆರಡಾಗಿ ಕೂರಿಸಿದರು. ಆರನೆಯದು ಕೂತದ್ದೇ ತಡ ಡಬ್ಬಿಯ ಮೇಲೆ ಒಂದು ಹಸಿರು ದೀಪ ಮಿನುಗಿತು. ಕೆಳಗಿನಿಂದ ಯಾರೋ, ಸ್ಕ್ರೀನಿನಲ್ಲಿ ಹತ್ತೊಂಬತ್ತು ಡಿಗ್ರಿ ಬಂತು, ಮಳೆ ಬರುತ್ತಂತೆ ಎಂದು ಕೂಗಿದರು. ಅವರು ಕೂಗಿ ಮುಗಿಸುವಷ್ಟರಲ್ಲಿ ಮೊದಲ ಹನಿ ಸಾಹೇಬರ ಬೋಳು ತಲೆಯ ಮೇಲೆ ಬಿತ್ತು.

ಮೇಡಮ್ಮಿನ ಫೋನಿಗೆ ಕಚೇರಿಯ ಇ-ಮೇಲ್ ಬರುತ್ತಿತ್ತು. ಅವರು ತೆಗೆದು ನೋಡಿದರು. ಮತ್ತೆ ನೋಡಿದರು. ಮಾತು ಕಡಿಮೆಯಾಗಿದ್ದ ಮೇಡಂ ಅವತ್ತು ಅದನ್ನು ಗಟ್ಟಿಯಾಗಿ ಓದಿದರು. “ಉನ್ನತ ವಾಯುಗುಣ ವೀಕ್ಷಣಾಲಯ. ಎಲ್ಲ ಘಟಕಗಳ ಬ್ಯಾಟರಿ ಸರಿಯಾಗಿದೆ. ಸಕಾಲದಲ್ಲಿ ಸ್ಪಂದಿಸಿದ್ದಕ್ಕೆ ಧನ್ಯವಾದ.”

ಸಾಹೇಬರು ಮಳೆಯಲ್ಲಿ ಕದಲದೆ ನಿಂತರು. ದೂರು ವಿಭಾಗ ತೆರೆದು ಮೂವತ್ತೆರಡು ವರ್ಷವಾಗಿತ್ತು. ಬೈಗುಳ ಬಂದಿತ್ತು, ಕಣ್ಣೀರು ಬಂದಿತ್ತು, ಒಮ್ಮೆ ಒಂದು ಹಳೆಯ ಚಪ್ಪಲಿಯೂ ಬಂದಿತ್ತು. 

“ಇನ್ನೊಂದ್ಸಲ ಓದಿ,” ಎಂದರು.

ಮಾರನೆಯ ದಿನ ಆ ಧನ್ಯವಾದದ ಪತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಸಾಹೇಬರ ಕೋಣೆಯಲ್ಲಿ ತೂಗುಹಾಕಲಾಯಿತು. ಅದರ ಒಂದು ಪ್ರತಿ ಮೇಲಕ್ಕೆ ಹೋಯಿತು. ದರ್ಜಿಯಮ್ಮನ ಪರದೆ ಹಳದಿಯೂ ಅಲ್ಲದ ಹಸಿರೂ ಅಲ್ಲದ ಬಣ್ಣಕ್ಕೆ ಬಂದಿತ್ತು. ನಾಟಕದವರು ಅದನ್ನೇ ತೆಗೆದುಕೊಂಡು, ನಾಟಕಕ್ಕೆ ಒಂದು ಬಿರುಗಾಳಿಯ ದೃಶ್ಯ ಸೇರಿಸಿದರು. ಎಲ್ಲರಿಗೂ ಒಳ್ಳೆಯದೇ ಆದಂತೆ ಕಂಡು ಮುಗಿಲಣ್ಣ ತನ್ನ ಕಿಟಕಿಯ ಕಟ್ಟೆ ಒರೆಸಿಕೊಳ್ಳುತ್ತಿದ್ದಾಗ ಸಾಹೇಬರು ಕರೆದರು.

ವೀಕ್ಷಣಾಲಯದ ಜೊತೆಗಿನ ಪತ್ರವ್ಯವಹಾರ ಇನ್ನು ಮುಂದೆ ಕಚೇರಿಯ ಹೆಮ್ಮೆ, ಅದಕ್ಕೆ ಒಂದು ಪ್ರತ್ಯೇಕ ಕಡತ ಬೇಕು, ಅದನ್ನು ಹೊರಗಿನವರ ಕಣ್ಣಿಗೆ ಬೀಳದ ಹಾಗೆ ಕಾಯಬೇಕು, ಕಾಯಲು ನಂಬಿಕಸ್ತರೇ ಆಗಬೇಕು ಎಂದು ಅವರು ಶಾಂತವಾಗಿ ವಿವರಿಸಿದರು. ವಿಳಾಸ ಬದಲಾಯಿಸುವಂತಿಲ್ಲ, ಅದರಿಂದ ಸಂಬಂಧ ಕೆಡುತ್ತದೆ. ಅಲ್ಲಿಂದ ಬಂದ ಪತ್ರಕ್ಕೆ ಉತ್ತರಿಸುವಂತೆಯೂ ಇಲ್ಲ, ಅವರೇ ಬೇಡ ಎಂದಿದ್ದಾರೆ.

“ಕಡತ ಎಲ್ಲಿರುತ್ತೆ ಸಾರ್?”

“ಕೆಳಗೆ,” ಎಂದರು ಸಾಹೇಬರು.

ಕಿಟಕಿ ಮೇಡಮ್ಮಿಗೆ ಹೋಯಿತು. ಅವರು ಅಲ್ಲಿ ಕೂತ ಮೊದಲ ದಿನ ಒಂದು ಹೂವಿನ ಕುಂಡ ತಂದಿಟ್ಟರು.

ನೆಲಮಾಳಿಗೆಯಲ್ಲಿ ಮುಗಿಲಣ್ಣ ಮೊದಲ ವಾರ ಗೋಡೆ ನೋಡಿದ. ಎರಡನೆಯ ವಾರ ಹಳೆಯ ಟೆಲಿಫೋನು ಎತ್ತಿ ಮನೆಗೆ ಕರೆ ಮಾಡಿ, ಸ್ಕ್ರೀನಿನಲ್ಲಿ ಏನಿದೆ ಎಂದು ಕೇಳಿ, ಕೆಳಗಿಳಿದು ಬಂದ ಜವಾನನಿಗೆ ಹೇಳಿದ. ಜವಾನ ಮೇಲೆ ಹೋಗಿ ಹೇಳಿದ. ತಿಂಗಳಾಗುವಷ್ಟರಲ್ಲಿ ಸಂಜೆ ಮುಕ್ಕಾಲು ಐದಕ್ಕೆ, ಕಿಟಕಿಗಳಿರುವ ಕೋಣೆಗಳಿಂದೆಲ್ಲ ಜನ ಮೆಟ್ಟಿಲಿಳಿದು, ಕಿಟಕಿ ಇಲ್ಲದ ಆ ಕೋಣೆಯ ಬಾಗಿಲಲ್ಲಿ ನಿಂತು, ಹೊರಗೆ ಹೇಗಿದೆ ಎಂದು ಕೇಳಿ ಹೋಗುವುದು ರೂಢಿಯಾಯಿತು. ಸಾಹೇಬರೂ ಒಮ್ಮೊಮ್ಮೆ ಬರುತ್ತಿದ್ದರು.

ಹೀಗೆ ನಾಲ್ಕು ತಿಂಗಳು ಕಳೆದ ಮೇಲೆ ಒಂದು ಸಂಜೆ ಜವಾನ ಮೆಟ್ಟಿಲಿಳಿದು ಬಂದ. ಗೇಟಿನ ತನಕ ಹೋಗಿ ಬಂದಿದ್ದನೋ ಏನೋ, ಕೈಯಲ್ಲಿ ಕೊಡೆ ಇದ್ದರೂ ಅವನ ತಲೆಯಿಂದ, ಮೀಸೆಯಿಂದ, ಅಂಗಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕಂಕುಳಲ್ಲಿ ಮೇಡಂ ಕೊಟ್ಟು ಕಳಿಸಿದ ಹನ್ನೆರಡು ಕಾಗದಗಳ ಕಂತೆ. ಮೇಲಿದ್ದ ಕಾಗದ ನೆನೆದು ಅಕ್ಷರ ಹರಡಿಕೊಂಡಿತ್ತು. ವೀಕ್ಷಣಾಲಯದಿಂದ ಬಂದದ್ದು, ಉತ್ತರಿಸೋ ಹಾಗಿಲ್ಲವಂತೆ, ಜೋಪಾನವಾಗಿ ಇಡಬೇಕಂತೆ ಎಂದ.

ಮುಗಿಲಣ್ಣ ಅವನ್ನು ತೆಗೆದುಕೊಂಡ. ದೂರದಿಂದ ನೋಡಿದ. ಎಲ್ಲವೂ ಚಿಕ್ಕವು, ಎಲ್ಲವೂ ಒಂದೇ ಅಳತೆ. ಒಂದೊಂದಕ್ಕೂ ನಂಬರು ಹಾಕಿ, ಕಡತದೊಳಗೆ ಸೇರಿಸಿ, ದಾರ ಬಿಗಿದು, ಎಲ್ಲಕ್ಕಿಂತ ಮೇಲಿನ ಕಪಾಟಿನಲ್ಲಿಟ್ಟ. ಆಮೇಲೆ ಗಡಿಯಾರ ನೋಡಿ ಟೆಲಿಫೋನು ಎತ್ತಿದ.

ಹೆಂಡತಿಯ ದನಿಯ ಹಿಂದೆ ಏನೋ ಭೋರ್ಗರೆಯುತ್ತಿತ್ತು. “ಸ್ಕ್ರೀನ್ ಮೇಲಿರೋದು ಹೇಳ್ಲಾ, ಕಿಟಕಿ ಹೊರಗಿರೋದು ಹೇಳ್ಲಾ?” ಎಂದು ಕೇಳಿದಳು.

“ಸ್ಕ್ರೀನ್ ಮೇಲಿರೋದು ಹೇಳೇ.”

ಅವಳು ಹೇಳಿದಳು. ಮುಗಿಲಣ್ಣ ಫೋನಿಟ್ಟು, ಗಂಟಲು ಸರಿಮಾಡಿಕೊಂಡು, ಬಾಗಿಲ ತನಕ ಸಾಲುಗಟ್ಟಿ ನಿಂತವರತ್ತ ತಿರುಗಿದ. ಜವಾನನ ಕಾಲ ಬಳಿ ಅಷ್ಟರಲ್ಲಿ ಒಂದು ಚಿಕ್ಕ ಕೆರೆ ಆಗಿತ್ತು.

“ಇಪ್ಪತ್ನಾಲ್ಕು ಡಿಗ್ರಿ,” ಎಂದ ಮುಗಿಲಣ್ಣ. “ನಿರ್ಮಲ ಆಕಾಶ.”

ಜವಾನ ಮೀಸೆ ಹಿಂಡಿಕೊಂಡು, ಕೊಡೆಯನ್ನು ಅಲ್ಲೇ ಮೂಲೆಯಲ್ಲಿಟ್ಟು ಹೊರಟ.